ಕ್ವಾರ್ಟರ್‌ಬ್ಯಾಕ್‌ಗೆ ರಿಸೀವರ್ ಬೇಕಾ, ರಿಸೀವರ್‌ಗೆ ಕ್ವಾರ್ಟರ್‌ಬ್ಯಾಕ್ ಬೇಕಾ?

ಓದುಗರ ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಸೋಮವಾರ ಬಂತೆಂದರೆ ಆಫೀಸಿನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಎನ್‌ಎಫ್‌ಎಲ್‌ನದ್ದೇ ಮಾತು. ಒಬ್ಬರು ‘ರ‍್ಯಾಂಡಿ ಮಾಸ್ ಬಂದಮೇಲೆ ತಾನೇ ಟಾಮ್ ಬ್ರೇಡಿ 50 ಟಚ್‌ಡೌನ್ ಎಸೆದದ್ದು’ ಅನ್ನುತ್ತಾರೆ. ಇನ್ನೊಬ್ಬರು ‘ಬ್ರೇಡಿ ಸಿಕ್ಕಮೇಲೆ ತಾನೇ ಮಾಸ್‌ಗೆ ಮತ್ತೆ ಜೀವ ಬಂದದ್ದು’ ಅನ್ನುತ್ತಾರೆ. ಯಾರು ಸರಿ? ಇನ್ನೊಂದು ವಿಷಯ. ನನ್ನ ಮಗ ಫ್ಲ್ಯಾಗ್ ಫುಟ್‌ಬಾಲ್‌ನಲ್ಲಿ (ಎದುರಾಳಿಯನ್ನು ಬೀಳಿಸುವ ಬದಲು ಸೊಂಟದ ಪಟ್ಟಿ ಕೀಳುವ ಆಟ) ರಿಸೀವರ್. ಅವನ ಗೆಳೆಯನೇ ಕ್ವಾರ್ಟರ್‌ಬ್ಯಾಕ್. ಪಾಸ್ ತಪ್ಪಿದಾಗೆಲ್ಲ ‘ನಿಂದೇ ತಪ್ಪು’ ಅಂತ ಇಬ್ಬರೂ ಕಿತ್ತಾಡುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ:

ನಿಮ್ಮ ಆಫೀಸಿನವರು ಹೇಳುತ್ತಿರುವುದು ಎರಡೂ ನಿಜ. ಆದರೆ ಇಬ್ಬರೂ ಕಥೆಯನ್ನು 2007ಕ್ಕೇ ನಿಲ್ಲಿಸಿಬಿಟ್ಟಿದ್ದಾರೆ. ಅದರ ಮುಂದಿನ ಮೂರು ವರ್ಷವನ್ನೂ ನೋಡಿದರೆ ಉತ್ತರ ಸುಮಾರಾಗಿ ಅಲ್ಲೇ ಸಿಗುತ್ತದೆ.

ಆಟವನ್ನು ಹೊಸದಾಗಿ ನೋಡುತ್ತಿರುವವರಿಗೆ ಮೊದಲು ಎರಡು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಹೆಚ್ಚುಕಮ್ಮಿ ಪ್ರತಿ ಸಲವೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಓಟಗಾರನ ಕೈಗೆ ಕೊಡಬಹುದು, ಇಲ್ಲವೇ ಮುಂದಕ್ಕೆ ಎಸೆಯಬಹುದು. ಆ ಎಸೆತ ಹಿಡಿಯಲೆಂದೇ ಅಂಚಿನ ಕಡೆಯಿಂದ ಓಡುವವನು ವೈಡ್ ರಿಸೀವರ್. ಅವನಿಗೆ ಅಂಟಿಕೊಂಡು ತಡೆಯುವವನು ಕಾರ್ನರ್‌ಬ್ಯಾಕ್. ಹಿಂದೆ ದೂರದಲ್ಲಿ ನಿಂತು ಕಾಯುವವನು ಸೇಫ್ಟಿ. ಚೆಂಡನ್ನು ಎದುರಾಳಿಯ ತುದಿಯ ವಲಯಕ್ಕೆ ಮುಟ್ಟಿಸಿದರೆ ಟಚ್‌ಡೌನ್. ಎಸೆದ ಪಾಸ್ ಎದುರಾಳಿಯ ಕೈಗೇ ಸಿಕ್ಕರೆ ಇಂಟರ್‌ಸೆಪ್ಶನ್. ಯಾರ್ಡ್ ಅಂದರೆ ಗಜ. ನಿಮ್ಮ ಆಫೀಸಿನ ವಾದದಲ್ಲಿ ಬ್ರೇಡಿ ಕ್ವಾರ್ಟರ್‌ಬ್ಯಾಕ್, ಮಾಸ್ ವೈಡ್ ರಿಸೀವರ್.

2006ರಲ್ಲಿ ಮಾಸ್ ಓಕ್ಲೆಂಡ್ ರೈಡರ್ಸ್ ತಂಡದಲ್ಲಿದ್ದರು. ಇಡೀ ಸೀಸನ್‌ಗೆ 42 ಕ್ಯಾಚ್, 553 ಯಾರ್ಡ್, ಬರೀ 3 ಟಚ್‌ಡೌನ್. ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರನ್ನು ಕರೆತಂದದ್ದು ನಾಲ್ಕನೇ ಸುತ್ತಿನ ಒಂದೇ ಒಂದು ಡ್ರಾಫ್ಟ್ ಆಯ್ಕೆ (ಹೊಸ ಆಟಗಾರರನ್ನು ಸರದಿಯಲ್ಲಿ ಆರಿಸುವ ಹಕ್ಕು) ಕೊಟ್ಟು. ಅಷ್ಟು ಬೆಲೆ ಇಳಿದಿತ್ತು. ಮರುವರ್ಷ ಅದೇ ಮನುಷ್ಯ 98 ಕ್ಯಾಚ್, 1,493 ಯಾರ್ಡ್, 23 ಟಚ್‌ಡೌನ್ ಮಾಡಿದರು. ಒಂದು ಸೀಸನ್‌ನಲ್ಲಿ 23 ಟಚ್‌ಡೌನ್ ಕ್ಯಾಚ್ ಆಗ ಹೊಸ ದಾಖಲೆ. ಈಗ ಬ್ರೇಡಿ ಕಡೆ ನೋಡಿ. ಅಷ್ಟರೊಳಗೆ ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದಿದ್ದರೂ, ಒಂದು ಸೀಸನ್‌ನಲ್ಲಿ 28ಕ್ಕಿಂತ ಜಾಸ್ತಿ ಟಚ್‌ಡೌನ್ ಪಾಸ್ ಎಸೆದವರಲ್ಲ ಅವರು. 2007ರಲ್ಲಿ ಒಮ್ಮೆಲೇ 50. ತಂಡ ಲೀಗ್ ಹಂತದ 16 ಪಂದ್ಯವನ್ನೂ ಗೆದ್ದಿತು. (ಅದೇ ವರ್ಷ ವೆಸ್ ವೆಲ್ಕರ್ ಅನ್ನುವ ಇನ್ನೊಬ್ಬ ರಿಸೀವರ್ ಕೂಡ ಬಂದು 112 ಕ್ಯಾಚ್ ಹಿಡಿದರು. ಈ ವಾದದಲ್ಲಿ ಅವರನ್ನು ಎಲ್ಲರೂ ಮರೆತೇಬಿಡುತ್ತಾರೆ.)

2008ರ ಮೊದಲ ಪಂದ್ಯದಲ್ಲೇ ಬ್ರೇಡಿ ಮೊಣಕಾಲಿಗೆ ಪೆಟ್ಟಾಯಿತು. ಸೀಸನ್ ಅಲ್ಲಿಗೇ ಮುಗಿಯಿತು. ಅವರ ಜಾಗಕ್ಕೆ ಬಂದ ಮ್ಯಾಟ್ ಕ್ಯಾಸೆಲ್, ಹೈಸ್ಕೂಲ್ ಆದಮೇಲೆ ಒಂದು ಪಂದ್ಯದಲ್ಲೂ ಕ್ವಾರ್ಟರ್‌ಬ್ಯಾಕ್ ಆಗಿ ಆಟ ಶುರು ಮಾಡಿದವರಲ್ಲ. ಮಾಸ್ ಟಚ್‌ಡೌನ್ 23ರಿಂದ 11ಕ್ಕೆ ಇಳಿಯಿತು, ಯಾರ್ಡ್ 1,008. ವೆಲ್ಕರ್ ಮಾತ್ರ 111 ಕ್ಯಾಚ್, ಹಿಂದಿನ ವರ್ಷಕ್ಕಿಂತ ಒಂದೇ ಒಂದು ಕಡಿಮೆ. ಇಲ್ಲಿ ಸ್ವಲ್ಪ ನಿಲ್ಲಿ. ವೆಲ್ಕರ್ ಹಿಡಿಯುತ್ತಿದ್ದದ್ದು ಏಳೆಂಟು ಯಾರ್ಡ್‌ನ ಚಿಕ್ಕ ಪಾಸ್‌ಗಳು. ಅದನ್ನು ಸಾಧಾರಣ ಕ್ವಾರ್ಟರ್‌ಬ್ಯಾಕ್ ಕೂಡ ಎಸೆಯಬಲ್ಲ. ಮಾಸ್ ಇದ್ದದ್ದು 40, 50 ಯಾರ್ಡ್ ದೂರದ ಎಸೆತಕ್ಕೆ. ಅದಕ್ಕೆ ಕೈಯೂ ಬೇಕು, ಧೈರ್ಯವೂ ಬೇಕು, ಎದುರಿನವರನ್ನು ಓದುವ ಕಣ್ಣೂ ಬೇಕು. ಹಾಗಾಗಿ ಕ್ವಾರ್ಟರ್‌ಬ್ಯಾಕ್ ಬದಲಾದರೆ ಎಲ್ಲ ರಿಸೀವರ್‌ಗಳಿಗೂ ಒಂದೇ ಥರ ಏಟು ಬೀಳುವುದಿಲ್ಲ. ದೂರ ಓಡುವವನಿಗೆ ಜಾಸ್ತಿ ಬೀಳುತ್ತದೆ.

2010ರ ಅಕ್ಟೋಬರ್‌ನಲ್ಲಿ ಪೇಟ್ರಿಯಟ್ಸ್ ಮಾಸ್ ಅವರನ್ನು ಸೀಸನ್ ನಡುವೆಯೇ ಮಾರಿಬಿಟ್ಟಿತು. ಬ್ರೇಡಿ ಕುಸಿದರಾ? ಇಲ್ಲ. ಆ ವರ್ಷ 36 ಟಚ್‌ಡೌನ್, ಬರೀ 4 ಇಂಟರ್‌ಸೆಪ್ಶನ್. ಎಂವಿಪಿ (ಅತಿ ಮೌಲ್ಯದ ಆಟಗಾರ) ಪ್ರಶಸ್ತಿಗೆ ಮತ ಹಾಕಿದ ಎಲ್ಲ 50 ಜನವೂ ಅವರನ್ನೇ ಆರಿಸಿದರು. ಮಾಸ್ ಅದೇ ಸೀಸನ್‌ನಲ್ಲಿ ಮೂರು ತಂಡ ಸುತ್ತಿ ಒಟ್ಟು 28 ಕ್ಯಾಚ್ ಹಿಡಿದರು. ಅಷ್ಟೊತ್ತಿಗೆ ಅವರಿಗೆ 33 ವಯಸ್ಸು. ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು, ಇಲ್ಲದಿದ್ದರೆ ಅನ್ಯಾಯ.

ಹಾಗಾದರೆ ನನ್ನ ಅಭಿಪ್ರಾಯ ಇದು: ರಿಸೀವರ್‌ಗೆ ಕ್ವಾರ್ಟರ್‌ಬ್ಯಾಕ್ ಎಷ್ಟು ಬೇಕೋ, ಪಳಗಿದ ಕ್ವಾರ್ಟರ್‌ಬ್ಯಾಕ್‌ಗೆ ಯಾವುದೇ ಒಬ್ಬ ರಿಸೀವರ್ ಅಷ್ಟು ಬೇಕಿಲ್ಲ. ‘ಪಳಗಿದ’ ಅಂದಿದ್ದೇನೆ, ಗಮನಿಸಿ. ಪಳಗದವನ ವಿಷಯ ಪೂರ್ತಿ ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ಕಾರಣ ತೀರಾ ಸರಳ. ಪ್ರತಿ ಆಟದಲ್ಲೂ (ಅಂದರೆ ಚೆಂಡು ಹೊರಟು ನಿಲ್ಲುವವರೆಗಿನ ಒಂದು ಸರದಿಯಲ್ಲಿ) ಪಾಸ್ ಹಿಡಿಯಲು ಅರ್ಹರಾದವರು ಐದು ಜನ ಇರುತ್ತಾರೆ. ಒಬ್ಬನನ್ನು ಕಟ್ಟಿಹಾಕಿದರೆ ಕ್ವಾರ್ಟರ್‌ಬ್ಯಾಕ್ ಇನ್ನೊಬ್ಬನ ಕಡೆ ನೋಡುತ್ತಾನೆ. ರಿಸೀವರ್‌ಗೆ ಆ ಆಯ್ಕೆ ಇಲ್ಲ. ಅವನ ಪಾಲಿಗೆ ಎಸೆಯುವವನು ಒಬ್ಬನೇ. ಅವನು ಈ ಕಡೆ ತಿರುಗದಿದ್ದರೆ ಎಷ್ಟು ಚೆನ್ನಾಗಿ ಓಡಿದರೂ ಅದು ಸುಮ್ನೆ ಓಟ.

ಕ್ವಾರ್ಟರ್‌ಬ್ಯಾಕ್ ಪೇಟನ್ ಮ್ಯಾನಿಂಗ್ ಅವರದ್ದು ಇದಕ್ಕೆ ನನಗೆ ತುಂಬ ಇಷ್ಟದ ಉದಾಹರಣೆ. 2010ರಲ್ಲಿ ಇಂಡಿಯಾನಾಪೊಲಿಸ್ ಕೋಲ್ಟ್ಸ್ ಅವರೊಂದಿಗೆ 10 ಪಂದ್ಯ ಗೆದ್ದಿತ್ತು. 2011ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆಯಿಂದ ಅವರು ಒಂದು ಪಂದ್ಯವನ್ನೂ ಆಡಲಿಲ್ಲ. ತಂಡ ಗೆದ್ದದ್ದು 2, ಸೋತದ್ದು 14. ಅಲ್ಲಿನ ಒಳ್ಳೆಯ ರಿಸೀವರ್ ರೆಜಿ ವೇಯ್ನ್ 111 ಕ್ಯಾಚ್‌ನಿಂದ 75ಕ್ಕೆ ಇಳಿದರು. ಮ್ಯಾನಿಂಗ್ 2012ರಲ್ಲಿ ಡೆನ್ವರ್ ಬ್ರಾಂಕೋಸ್‌ಗೆ ಹೋದರು. ಅಲ್ಲಿ ಡೆಮೇರಿಯಸ್ ಥಾಮಸ್, ಎರಿಕ್ ಡೆಕರ್ ಅನ್ನುವ ಇಬ್ಬರು ಯುವಕರು ಇದ್ದರು. ಹಿಂದಿನ ವರ್ಷ ಥಾಮಸ್ 551 ಯಾರ್ಡ್, ಡೆಕರ್ 612. ಮ್ಯಾನಿಂಗ್ ಬಂದ ವರ್ಷ ಥಾಮಸ್ 1,434, ಡೆಕರ್ 1,064. ಹುಡುಗರು ಅವರೇ, ಕಾಲುಗಳೂ ಅವೇ. ಬದಲಾದದ್ದು ಎಸೆಯುವ ಕೈ ಒಂದೇ.

ಇಷ್ಟು ಹೇಳಿ ನಿಲ್ಲಿಸಿದರೆ ರಿಸೀವರ್‌ಗಳಿಗೆ ಮೋಸ ಮಾಡಿದ ಹಾಗೆ. ಕ್ಯಾಲ್ವಿನ್ ಜಾನ್ಸನ್ ಅವರನ್ನು ನೋಡಿ. 2008ರ ಡೆಟ್ರಾಯಿಟ್ ಲಯನ್ಸ್ ಆಡಿದ 16 ಪಂದ್ಯವನ್ನೂ ಸೋತ ತಂಡ. ಕ್ವಾರ್ಟರ್‌ಬ್ಯಾಕ್‌ಗಳು ಒಬ್ಬರಾದಮೇಲೆ ಒಬ್ಬರು ಬದಲಾದರು. ಆದರೂ ಜಾನ್ಸನ್ 1,331 ಯಾರ್ಡ್, 12 ಟಚ್‌ಡೌನ್. ಅಂದರೆ ನಿಜವಾಗಿ ದೊಡ್ಡ ಆಟಗಾರ ತನ್ನ ಅಂಕಿಗಳನ್ನು ಯಾರ ಜೊತೆಗಾದರೂ ಕಿತ್ತುಕೊಳ್ಳಬಲ್ಲ. ತಂಡವನ್ನು ಗೆಲ್ಲಿಸುವುದು ಮಾತ್ರ ಅವನ ಕೈಲಿಲ್ಲ.

ಇದಕ್ಕಿಂತಲೂ ಹೆಚ್ಚು ಕಲಿಸುವುದು ಹ್ಯೂಸ್ಟನ್‌ನ ಡಿಆಂಡ್ರೆ ಹಾಪ್ಕಿನ್ಸ್ ಕಥೆ. ನಿಮ್ಮ ಟೆಕ್ಸಸ್‌ನದ್ದೇ. 2015ರಲ್ಲಿ ಆ ತಂಡದಲ್ಲಿ ನಾಲ್ಕು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು ಪಂದ್ಯ ಶುರು ಮಾಡಿದರು. ಅವರಲ್ಲಿ ಒಬ್ಬರೂ ದೊಡ್ಡ ಹೆಸರಲ್ಲ. ಹಾಪ್ಕಿನ್ಸ್ 111 ಕ್ಯಾಚ್, 1,521 ಯಾರ್ಡ್. ಮರುವರ್ಷ ತಂಡ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡು ಬ್ರಾಕ್ ಆಸ್ವೈಲರ್ ಅವರನ್ನು ತಂದಿತು. ಹಾಪ್ಕಿನ್ಸ್ 78 ಕ್ಯಾಚ್, 954 ಯಾರ್ಡ್‌ಗೆ ಇಳಿದರು! ನಾಲ್ಕು ಸಾಧಾರಣ ಕೈಗಳು ಕೊಟ್ಟದ್ದನ್ನು ಒಂದು ದುಬಾರಿ ಕೈ ಕೊಡಲಿಲ್ಲ. ನನಗೆ ಅನ್ನಿಸುವುದು ಇದು: ರಿಸೀವರ್‌ಗೆ ಬೇಕಾಗಿರುವುದು ಮಹಾನ್ ಕ್ವಾರ್ಟರ್‌ಬ್ಯಾಕ್ ಅಲ್ಲ, ತನ್ನನ್ನು ನಂಬಿ ಎಸೆಯುವವನು. ಪಕ್ಕದಲ್ಲಿ ಕಾರ್ನರ್‌ಬ್ಯಾಕ್ ಅಂಟಿಕೊಂಡಿದ್ದರೂ ‘ಇವನು ಹಿಡಿಯುತ್ತಾನೆ’ ಅಂತ ಚೆಂಡು ಬಿಡುವವನು. ಹಾಪ್ಕಿನ್ಸ್ ಥರದವರು ಎದುರಾಳಿಯಿಂದ ಎರಡು ಗಜ ದೂರ ಓಡಿ ಖಾಲಿ ಜಾಗದಲ್ಲಿ ನಿಲ್ಲುವವರಲ್ಲ. ಅವರ ಆಟವೇ ಕೈಗೆ ಕೈ ತಾಗುವಷ್ಟು ಹತ್ತಿರದಲ್ಲಿ, ಎದುರಾಳಿಯ ತಲೆಯ ಮೇಲಿಂದ ಹಿಡಿಯುವುದು. ಅದನ್ನು ನೋಡಿ ಹಿಂಜರಿಯುವ ಕ್ವಾರ್ಟರ್‌ಬ್ಯಾಕ್ ಜೊತೆ ಅಂಥವರು ಬಾಡಿಹೋಗುತ್ತಾರೆ.

ಕ್ವಾರ್ಟರ್‌ಬ್ಯಾಕ್‌ಗೆ ರಿಸೀವರ್‌ನಿಂದ ಏನು ಬೇಕು? ಟಿವಿಯಲ್ಲಿ ಕಾಣುವುದು ಹಾರಿ ಹಿಡಿದ ಕ್ಯಾಚ್. ಆದರೆ ಅವನಿಗೆ ಬೇಕಾಗಿರುವುದು ಹೇಳಿದ ಜಾಗದಲ್ಲಿ ಹೇಳಿದ ಹೊತ್ತಿಗೆ ಇರುವ ಮನುಷ್ಯ. ‘ಔಟ್’ ಅನ್ನುವ ಒಂದು ರೂಟ್ (ಮೊದಲೇ ಗೊತ್ತುಮಾಡಿಕೊಂಡ ಓಟದ ದಾರಿ) ತೆಗೆದುಕೊಳ್ಳೋಣ. ರಿಸೀವರ್ ನೇರವಾಗಿ 10 ಯಾರ್ಡ್ ಓಡುತ್ತಾನೆ. ಒಂದು ಕಾಲು ಗಟ್ಟಿಯಾಗಿ ಊರಿ ತಟ್ಟನೆ ಅಂಚಿನ ಗೆರೆಯ ಕಡೆ ತಿರುಗುತ್ತಾನೆ. ಕ್ವಾರ್ಟರ್‌ಬ್ಯಾಕ್ ಐದು ಹೆಜ್ಜೆ ಹಿಂದೆ ಸರಿದು, ಹಿಂಗಾಲು ನೆಲಕ್ಕೆ ತಾಗಿದ ಕೂಡಲೇ ಚೆಂಡು ಬಿಡಬೇಕು. ಆ ಕ್ಷಣದಲ್ಲಿ ರಿಸೀವರ್ ಇನ್ನೂ ತಿರುಗಿಯೇ ಇರುವುದಿಲ್ಲ, ಬೆನ್ನು ಈ ಕಡೆ ಇರುತ್ತದೆ. ಚೆಂಡು ಹೋಗುವುದು ಖಾಲಿ ಜಾಗಕ್ಕೆ. ನಮ್ಮೂರುಗಳ ವಾಲಿಬಾಲ್ ಪಂದ್ಯದಲ್ಲಿ ಲಿಫ್ಟರ್ ಚೆಂಡು ಎತ್ತುವಾಗ ಸ್ಮ್ಯಾಶ್ ಮಾಡುವವನು ಇನ್ನೂ ನೆಲದ ಮೇಲೇ ಇರುತ್ತಾನಲ್ಲ, ಹಾಗೆ. ತಿರುಗಿದ ಮೇಲೆ ನೋಡಿ ಎಸೆಯೋಣ ಅಂತ ಕಾದರೆ ಕೆಲಸ ಕೆಟ್ಟಿತು. ಕಾರ್ನರ್‌ಬ್ಯಾಕ್ ಮಧ್ಯೆ ನುಗ್ಗುತ್ತಾನೆ. ತಡವಾದ ಔಟ್ ಪಾಸ್ ಅವನ ಕೈಗೆ ಸಿಕ್ಕರೆ ಮುಂದೆ ತಡೆಯುವವರೇ ಇರುವುದಿಲ್ಲ, ನೇರ ಟಚ್‌ಡೌನ್‌ಗೇ ಓಡುತ್ತಾನೆ.

ಈಗ ರಿಸೀವರ್ 10ರ ಬದಲು 9 ಯಾರ್ಡ್‌ಗೇ ತಿರುಗಿದ ಅಂದುಕೊಳ್ಳಿ. ಇಲ್ಲವೇ ಎದುರಾಳಿಯ ತಳ್ಳಾಟಕ್ಕೆ ಸಿಕ್ಕಿ ಅರ್ಧ ಸೆಕೆಂಡ್ ತಡವಾದ. ಚೆಂಡು ಯಾರೂ ಇಲ್ಲದ ಕಡೆ ಬೀಳುತ್ತದೆ. ನೋಡುವವರು ‘ಎಂಥ ಕೆಟ್ಟ ಎಸೆತ’ ಅನ್ನುತ್ತಾರೆ. ಲೆಕ್ಕದ ಪುಸ್ತಕದಲ್ಲಿ ತಪ್ಪು ಕ್ವಾರ್ಟರ್‌ಬ್ಯಾಕ್ ಹೆಸರಿಗೇ ಸೇರುತ್ತದೆ. ಇನ್ನೂ ಕಷ್ಟದ ರೂಟ್‌ಗಳಿವೆ. ಅಲ್ಲಿ ಸೇಫ್ಟಿ ಎಲ್ಲಿ ನಿಂತಿದ್ದಾನೆ ಅನ್ನುವುದನ್ನು ನೋಡಿ ರಿಸೀವರ್ ಓಡುತ್ತಲೇ ದಾರಿ ಬದಲಿಸಬೇಕು. ಕ್ವಾರ್ಟರ್‌ಬ್ಯಾಕ್ ಕೂಡ ಅದೇ ಸೇಫ್ಟಿಯನ್ನು ನೋಡಿ ಅದೇ ತೀರ್ಮಾನಕ್ಕೆ ಬರಬೇಕು. ಮಾತಿಲ್ಲ, ಸನ್ನೆಯಿಲ್ಲ. ವರ್ಷಗಟ್ಟಲೆ ಜೊತೆಗೆ ಆಡಿದವರಿಗೆ ಮಾತ್ರ ಇದು ಬರುತ್ತದೆ. ಮಾರ್ವಿನ್ ಹ್ಯಾರಿಸನ್ ಮತ್ತು ಮ್ಯಾನಿಂಗ್ ಜೋಡಿ ಸೇರಿ 112 ಟಚ್‌ಡೌನ್ ಮಾಡಿದ್ದು ಹೀಗೇ. ಅವರ ಮೊದಲ ವರ್ಷ 1998ರಲ್ಲಿ ಹ್ಯಾರಿಸನ್ ಹಿಡಿದದ್ದು 59 ಕ್ಯಾಚ್. ಮರುವರ್ಷ 115.

ಇನ್ನು ಪಳಗದ ಕ್ವಾರ್ಟರ್‌ಬ್ಯಾಕ್ ವಿಷಯ. ಇಲ್ಲಿ ತಕ್ಕಡಿ ಆ ಕಡೆ ವಾಲುತ್ತದೆ. ಬಫಲೋ ಬಿಲ್ಸ್‌ನ ಜಾಶ್ ಆ್ಯಲೆನ್ 2019ರಲ್ಲಿ ಎಸೆದ ಪಾಸ್‌ಗಳಲ್ಲಿ ಶೇ 58.8 ಮಾತ್ರ ಸರಿಯಾಗಿ ತಲುಪಿದ್ದವು. ತೋಳಿನಲ್ಲಿ ಬಲ ಇತ್ತು, ಗುರಿ ಇರಲಿಲ್ಲ. 2020ರಲ್ಲಿ ರಿಸೀವರ್ ಸ್ಟೆಫಾನ್ ಡಿಗ್ಸ್ ಬಂದರು. ಅದು ಶೇ 69.2ಕ್ಕೆ ಏರಿತು. ಟಚ್‌ಡೌನ್ ಪಾಸ್ 20ರಿಂದ 37ಕ್ಕೆ ಹೋಯಿತು. ಡಿಗ್ಸ್ 127 ಕ್ಯಾಚ್ ಹಿಡಿದು ಲೀಗ್‌ಗೇ ಮೊದಲಿಗರಾದರು. ಇದೆಲ್ಲ ಡಿಗ್ಸ್ ಒಬ್ಬರಿಂದಲೇ ಆಯಿತು ಅನ್ನುವುದು ತಪ್ಪು. ಆ್ಯಲೆನ್ ತಮ್ಮ ಎಸೆತದ ರೀತಿಯನ್ನೇ ತಿದ್ದಿಕೊಳ್ಳಲು ತುಂಬ ದುಡಿದಿದ್ದರು. ಆದರೆ ತಪ್ಪದೆ ಬಿಡಿಸಿಕೊಂಡು ಬರುವ ಒಬ್ಬ ರಿಸೀವರ್ ಇದ್ದರೆ ಕಲಿಯುವ ಹುಡುಗನಿಗೆ ‘ಸರಿಯಾದ ಹೊತ್ತಿಗೆ ಬಿಟ್ಟರೆ ಕೆಲಸ ಆಗುತ್ತದೆ’ ಅನ್ನುವ ನಂಬಿಕೆ ಬರುತ್ತದೆ. ಆ ನಂಬಿಕೆ ಒಮ್ಮೆ ಬಂದಮೇಲೆ ರಿಸೀವರ್ ಹೋದರೂ ಅದು ಉಳಿಯುತ್ತದೆ. 2024ರಲ್ಲಿ ಡಿಗ್ಸ್ ಬೇರೆ ತಂಡಕ್ಕೆ ಹೋದರು. ಆ ವರ್ಷದ ಎಂವಿಪಿ ಯಾರು? ಆ್ಯಲೆನ್.

ಡಿಗ್ಸ್ ಬಿಟ್ಟುಬಂದ ಮಿನೆಸೋಟ ವೈಕಿಂಗ್ಸ್ ಕಥೆಯೂ ಚೆನ್ನಾಗಿದೆ. ಅವರನ್ನು ಕೊಟ್ಟು ಸಿಕ್ಕ ಡ್ರಾಫ್ಟ್ ಆಯ್ಕೆಯಲ್ಲೇ ಆ ತಂಡ ಜಸ್ಟಿನ್ ಜೆಫರ್ಸನ್ ಅವರನ್ನು ತಂದಿತು. ಮೊದಲ ವರ್ಷವೇ 1,400 ಯಾರ್ಡ್. ಎರಡೂ ತಂಡಕ್ಕೆ ಇಷ್ಟು ಲಾಭವಾದ ವ್ಯಾಪಾರ ಅಪರೂಪ.

ನನ್ನ ವಾದಕ್ಕೆ ಅತಿ ಗಟ್ಟಿಯಾದ ಎದುರುತ್ತರ ಗ್ರೀನ್ ಬೇ ಪ್ಯಾಕರ್ಸ್‌ನಿಂದ ಬರುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ಏರನ್ ರಾಜರ್ಸ್ 37 ಟಚ್‌ಡೌನ್, 4 ಇಂಟರ್‌ಸೆಪ್ಶನ್ ಮಾಡಿ ಎಂವಿಪಿ ಆದರು. ಅವರಿಗಿಂತ ಪಳಗಿದವರು ಇನ್ಯಾರು? 2022ರಲ್ಲಿ ಅವರ ಮುಖ್ಯ ರಿಸೀವರ್ ಡವಾಂಟೆ ಆ್ಯಡಮ್ಸ್ ಲಾಸ್ ವೇಗಸ್ ರೈಡರ್ಸ್‌ಗೆ ಹೋದರು. ರಾಜರ್ಸ್ 26 ಟಚ್‌ಡೌನ್‌ಗೆ ಇಳಿದರು, ಇಂಟರ್‌ಸೆಪ್ಶನ್ 12ಕ್ಕೆ ಏರಿತು. ಆ್ಯಡಮ್ಸ್ ಅಲ್ಲಿ ಹೋಗಿ 1,516 ಯಾರ್ಡ್, 14 ಟಚ್‌ಡೌನ್ ಹೊಡೆದರು. ಎಸೆಯುವವನೇ ಬಡವಾದ, ಹಿಡಿಯುವವನು ಆರಾಮಾಗಿದ್ದ, ಅಲ್ವಾ? ಸ್ವಲ್ಪ ಒಳಗೆ ಹೋಗಿ ನೋಡಿದರೆ ಎರಡು ವಿಷಯ ಕಾಣುತ್ತವೆ. ರಾಜರ್ಸ್ ಆ ವರ್ಷದ ಬಹುಪಾಲು ಹೆಬ್ಬೆರಳು ಮುರಿದುಕೊಂಡೇ ಆಡಿದರು. ಇನ್ನೊಂದು, ಆ್ಯಡಮ್ಸ್ ಜಾಗಕ್ಕೆ ಬಂದವರಲ್ಲಿ ಹೊಸಬರು ಜಾಸ್ತಿ. ಸೀಸನ್‌ನ ಮೊದಲ ಪಂದ್ಯದಲ್ಲಿ ಪ್ಯಾಕರ್ಸ್‌ನ ಮೊದಲ ಆಟದಲ್ಲೇ ರಾಜರ್ಸ್ ದೂರಕ್ಕೆ ಎಸೆದ ಚೆಂಡು ಹೊಸ ಹುಡುಗ ಕ್ರಿಶ್ಚಿಯನ್ ವಾಟ್ಸನ್ ಕೈಗೇ ಬಂದು ಬಿದ್ದಿತ್ತು. ಮುಂದೆ ಯಾರೂ ಇರಲಿಲ್ಲ. ಚೆಂಡು ಜಾರಿಹೋಯಿತು. ಅಂದರೆ ದೊಡ್ಡ ಕ್ವಾರ್ಟರ್‌ಬ್ಯಾಕ್‌ಗೆ ಒಬ್ಬ ನಿರ್ದಿಷ್ಟ ರಿಸೀವರ್ ಇಲ್ಲದಿದ್ದರೂ ನಡೆಯುತ್ತದೆ. ನಂಬಬಹುದಾದವರು ಯಾರೂ ಇಲ್ಲದಿದ್ದರೆ ನಡೆಯುವುದಿಲ್ಲ.

ಅದೇ 2022ರಲ್ಲಿ ಕ್ಯಾನ್ಸಸ್ ಸಿಟಿ ಚೀಫ್ಸ್ ತನ್ನ ರಿಸೀವರ್ ಟೈರೀಕ್ ಹಿಲ್ ಅವರನ್ನು ಮಯಾಮಿಗೆ ಕೊಟ್ಟಿತು. ಹಿಲ್ ಅಲ್ಲಿ 1,710 ಯಾರ್ಡ್ ಹೊಡೆದರು. ಚೀಫ್ಸ್ ಕ್ವಾರ್ಟರ್‌ಬ್ಯಾಕ್ ಪ್ಯಾಟ್ರಿಕ್ ಮಹೋಮ್ಸ್ 5,250 ಯಾರ್ಡ್ ಎಸೆದು ಎಂವಿಪಿ ಆದರು, ಸೂಪರ್ ಬೌಲ್ ಕೂಡ ಗೆದ್ದರು. ಇಲ್ಲಿ ಅವರಿಗೆ ನಂಬಿ ಎಸೆಯಲು ಟ್ರಾವಿಸ್ ಕೆಲ್ಸಿ ಇದ್ದರು, ಅದು ನೆನಪಿರಲಿ.

ಅಂಕಿಗಳಲ್ಲಿ ಕಾಣದ ಇನ್ನೊಂದು ಋಣ ಇದೆ. ಅದನ್ನು 1989ರ ಜನವರಿಯಲ್ಲಿ ಮಯಾಮಿಯಲ್ಲಿ ನಡೆದ ಸೂಪರ್ ಬೌಲ್‌ನಲ್ಲಿ ನೋಡಬಹುದು. ಸಿನ್ಸಿನಾಟಿ ಎದುರು ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ 3 ಅಂಕ ಹಿಂದೆ ಇತ್ತು. ಉಳಿದದ್ದು ಮೂರು ನಿಮಿಷ ಚಿಲ್ಲರೆ. ಚೆಂಡು ತಮ್ಮದೇ ತುದಿಯ 8 ಯಾರ್ಡ್ ಗೆರೆಯಲ್ಲಿ. ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಅಲ್ಲಿಂದ ತಂಡವನ್ನು 92 ಯಾರ್ಡ್ ಮುಂದೆ ತಂದರು. 34 ಸೆಕೆಂಡ್ ಬಾಕಿ ಇರುವಾಗ ಜಾನ್ ಟೇಲರ್ ಕೈಗೆ 10 ಯಾರ್ಡ್ ಪಾಸ್, ಟಚ್‌ಡೌನ್. ಟೇಲರ್‌ಗೆ ಆ ಇಡೀ ಪಂದ್ಯದಲ್ಲಿ ಅದೊಂದೇ ಕ್ಯಾಚ್. ಅಷ್ಟು ಸಲೀಸಾಗಿ ದಾರಿ ಸಿಕ್ಕಿದ್ದು ಹೇಗೆ? ಚೆಂಡು ಹೊರಡುವ ಮುಂಚೆ ಜೆರ‍್ರಿ ರೈಸ್ ಅಡ್ಡಡ್ಡಲಾಗಿ ಸರಿದು ಬಂದರು. ಆ ದಿನ 11 ಕ್ಯಾಚ್, 215 ಯಾರ್ಡ್ ಹೊಡೆದಿದ್ದ ರೈಸ್ ಮೇಲೇ ಎದುರಾಳಿಗಳ ಕಣ್ಣು. ಗೆಲುವಿನ ಪಾಸ್ ಲೆಕ್ಕದಲ್ಲಿ ರೈಸ್ ಹೆಸರು ಎಲ್ಲೂ ಇಲ್ಲ. ಪಂದ್ಯದ ಎಂವಿಪಿ ಪ್ರಶಸ್ತಿ ಮಾತ್ರ ಅವರಿಗೇ ಹೋಯಿತು. ಸರಿಯಾಗಿಯೇ ಹೋಯಿತು.

ಆದರೂ ಸೀಸನ್‌ನ ಎಂವಿಪಿ ಪ್ರಶಸ್ತಿಯನ್ನು ಅಸೋಸಿಯೇಟೆಡ್ ಪ್ರೆಸ್ ಇದುವರೆಗೆ ಒಬ್ಬ ವೈಡ್ ರಿಸೀವರ್‌ಗೂ ಕೊಟ್ಟಿಲ್ಲ. 1987ರಲ್ಲಿ ರೈಸ್ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಹಿಡಿದಾಗಲೂ ಅದು ಕ್ವಾರ್ಟರ್‌ಬ್ಯಾಕ್ ಜಾನ್ ಎಲ್ವೇ ಅವರಿಗೆ ಹೋಯಿತು. ಅದು ನನಗೆ ಒಪ್ಪಿಗೆಯಾದ ತೀರ್ಪಲ್ಲ. ಸಂಬಳದಲ್ಲೂ ಇದೇ ಅಂತರ. ನಿಮ್ಮೂರಿನ ಕ್ವಾರ್ಟರ್‌ಬ್ಯಾಕ್ ಡ್ಯಾಕ್ ಪ್ರೆಸ್ಕಾಟ್ 2024ರಲ್ಲಿ ವರ್ಷಕ್ಕೆ ಸರಾಸರಿ 6 ಕೋಟಿ ಡಾಲರ್ ಒಪ್ಪಂದ ಮಾಡಿಕೊಂಡರು. ಸಿನ್ಸಿನಾಟಿಯ ರಿಸೀವರ್ ಜಮಾರ್ ಚೇಸ್ 2025ರ ಮಾರ್ಚ್‌ನಲ್ಲಿ ಮಾಡಿಕೊಂಡದ್ದು ವರ್ಷಕ್ಕೆ ಸುಮಾರು 4 ಕೋಟಿ. ಅದೂ 2024ರಲ್ಲಿ ಕ್ಯಾಚ್, ಯಾರ್ಡ್, ಟಚ್‌ಡೌನ್ ಮೂರರಲ್ಲೂ ಲೀಗ್‌ಗೇ ಮೊದಲಿಗರಾದ ಮೇಲೆ. ಆ ವರ್ಷ ಅವರಿಗೆ ಎಸೆದ ಜೋ ಬರೋ ಕೂಡ 43 ಟಚ್‌ಡೌನ್ ಪಾಸ್ ಮಾಡಿದ್ದರು. ಇಬ್ಬರೂ ಕಾಲೇಜಿನಿಂದ ಜೊತೆಗಾರರು. ಅಷ್ಟಾದರೂ ತಂಡ ಪ್ಲೇಆಫ್‌ಗೆ ಹೋಗಲಿಲ್ಲ, ಯಾಕೆಂದರೆ ಡಿಫೆನ್ಸ್ ಅಂಕ ಬಿಟ್ಟುಕೊಡುತ್ತಲೇ ಇತ್ತು. ಕ್ವಾರ್ಟರ್‌ಬ್ಯಾಕ್, ರಿಸೀವರ್ ಅನ್ನುವ ಜಗಳದಲ್ಲಿ ಉಳಿದವರನ್ನು ಮರೆಯುವುದು ಸುಲಭ. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಆಫೆನ್ಸಿವ್ ಲೈನ್ ಎರಡೂವರೆ ಸೆಕೆಂಡ್ ತಡೆದು ನಿಲ್ಲದಿದ್ದರೆ ಎಸೆಯುವವನೂ ಇಲ್ಲ, ಹಿಡಿಯುವವನೂ ಇಲ್ಲ.

ಈಗ ನಿಮ್ಮ ಮಗನ ವಿಷಯ. ಫ್ಲ್ಯಾಗ್ ಫುಟ್‌ಬಾಲ್ 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲೂ ಇದೆ, ಹುಡುಗರಿಗೆ ಹೇಳಿ, ಖುಷಿಪಡುತ್ತಾರೆ. ‘ಯಾರ ತಪ್ಪು’ ಅನ್ನುವುದನ್ನು ಅವರ ಮಟ್ಟದಲ್ಲಿ ಸುಲಭವಾಗಿ ಕಂಡುಹಿಡಿಯಬಹುದು. ಹುಲ್ಲಿನ ಮೇಲೆ 5 ಯಾರ್ಡ್‌ಗೆ ಒಂದು ಕೋನ್ ಇಡಿ. ಮಗ ಅಲ್ಲಿಯವರೆಗೆ ಓಡಿ ಹೊರಗೆ ತಿರುಗಲಿ. ಅವನ ಕಾಲು ಕೋನ್ ಪಕ್ಕ ಊರುವ ಹೊತ್ತಿಗೆ ಗೆಳೆಯ ಚೆಂಡು ಬಿಡಬೇಕು, ಮುಖ ನೋಡಿ ಆಮೇಲೆ ಅಲ್ಲ. ಮಗ ಸರಿಯಾದ ಜಾಗದಲ್ಲಿ ತಿರುಗಿದಾಗ ಚೆಂಡು ಅವನ ಬೆನ್ನ ಹಿಂದೆ ಬಂದರೆ ಎಸೆದವನು ತಡ ಮಾಡಿದ. ಚೆಂಡು ಮುಂದೆ ಖಾಲಿ ಜಾಗದಲ್ಲಿ ಬಿದ್ದರೆ, ಮಗ ಕೋನ್ ಮುಟ್ಟಿದನೋ, ತಿರುಗುವಾಗ ವೇಗ ಕಡಿಮೆ ಮಾಡಿದನೋ ನೋಡಿ. ಮೊದಮೊದಲು ಹತ್ತರಲ್ಲಿ ಏಳೆಂಟು ತಪ್ಪುತ್ತವೆ, ಪರವಾಗಿಲ್ಲ. ನೀವು ಪಕ್ಕದಲ್ಲಿ ನಿಂತು ಫೋನಿನಲ್ಲಿ ವಿಡಿಯೊ ಮಾಡಿ, ನಿಧಾನ ಮಾಡಿ ಇಬ್ಬರಿಗೂ ಒಟ್ಟಿಗೇ ತೋರಿಸಿ. ಆಮೇಲೆ ಸ್ವಲ್ಪ ಹೊತ್ತು ಇಬ್ಬರ ಜಾಗ ಬದಲಿಸಿ ಆಡಿಸಿ. ತಿರುಗದ ಬೆನ್ನಿಗೆ ಎಸೆಯಲು ಎಷ್ಟು ಧೈರ್ಯ ಬೇಕು ಅಂತ ನಿಮ್ಮ ಮಗನಿಗೆ ಗೊತ್ತಾಗುತ್ತದೆ. ಓಡುವಾಗ ಒಂದು ಹೆಜ್ಜೆ ಕಳ್ಳತನ ಮಾಡುವ ಆಸೆ ಎಷ್ಟಿರುತ್ತದೆ ಅಂತ ಅವನ ಗೆಳೆಯನಿಗೆ ಗೊತ್ತಾಗುತ್ತದೆ.